ಆಟಕ್ಕೆ ವಯಸ್ಸಿನ ಮಿತಿ ಇದೆ, ಅದರ ಟ್ರೈಲರ್‌ಗೆ ಯಾಕಿಲ್ಲ?

ಪ್ರಶ್ನೆ: ನಾವು ಡೊಂಬಿವಲಿಯಲ್ಲಿದ್ದೇವೆ. ಮಗನಿಗೆ 11 ವರ್ಷ. ಹೋದ ತಿಂಗಳು ಒಂದು ಭಾನುವಾರ ಸಂಜೆ ಅವನು ಟಿವಿಯಲ್ಲಿ ಯೂಟ್ಯೂಬ್ ಹಾಕಿಕೊಂಡು ಯಾರೋ ಕ್ರಿಕೆಟ್ ಗೇಮ್ ಆಡುವುದನ್ನು ನೋಡುತ್ತಿದ್ದ. ಕುಂದಾಪುರದಿಂದ ಬಂದಿದ್ದ ನನ್ನ ಅತ್ತೆಯೂ ಪಕ್ಕದಲ್ಲಿ ಕುಳಿತಿದ್ದರು. ಅದು ಮುಗಿದದ್ದೇ ತಡ, ತಾನಾಗಿಯೇ ಇನ್ನೊಂದು ವಿಡಿಯೊ ಶುರುವಾಯಿತು. ರಾತ್ರಿ, ಜೋರು ಮಳೆ. ಒಬ್ಬ ಹೆಂಗಸನ್ನು ಎಳೆದು ತಂದು ಕುತ್ತಿಗೆಗೆ ಹಗ್ಗ ಹಾಕುತ್ತಾರೆ, ಇನ್ನೊಬ್ಬಳ ಕೈಯನ್ನು ಸುತ್ತಿಗೆಯಿಂದ ಮುರಿಯುತ್ತಾರೆ. ನಾನು ಅಡುಗೆಮನೆಯಿಂದ ಓಡಿಬರುವಷ್ಟರಲ್ಲಿ ಎಲ್ಲ ನೋಡಿ ಆಗಿತ್ತು. ಅದು ಗೇಮಿನ ಟ್ರೈಲರ್ ಎಂದು ಆಮೇಲೆ ತಿಳಿಯಿತು. ಎರಡು ವಾರ ಮಗ ರಾತ್ರಿ ದೀಪ ಆರಿಸಲು ಬಿಡಲಿಲ್ಲ. ‘ಇದಕ್ಕೆಲ್ಲ ಸೆನ್ಸಾರ್ ಇಲ್ಲವೇ?’ ಎಂದು ಅತ್ತೆ ಕೇಳುತ್ತಾರೆ. ‘ಯಕ್ಷಗಾನದಲ್ಲಿ ದುಶ್ಶಾಸನ ವಧೆ ನೋಡುವುದಿಲ್ಲವೇ, ಇದೇನು ಮಹಾ?’ ಎನ್ನುತ್ತಾರೆ ನನ್ನ ಯಜಮಾನರು. ಇಂಥದ್ದನ್ನು ಯಾಕಾಗಿ ಮಾಡುತ್ತಾರೆ? ಇದರಿಂದ ಹುಡುಗ ಕ್ರೂರಿಯಾಗುತ್ತಾನೆಯೇ? ನಾವೇನು ಮಾಡಬೇಕು?

ಉತ್ತರ: ನಿಮ್ಮ ಮನೆಯವರ ಪ್ರಶ್ನೆಗಳಲ್ಲಿ ಅತ್ತೆಯವರದ್ದೇ ಹೆಚ್ಚು ತೂಕದ್ದು. ಅಲ್ಲಿಂದಲೇ ಶುರು ಮಾಡುತ್ತೇನೆ.

ಇಲ್ಲ, ಇದಕ್ಕೆ ಸೆನ್ಸಾರ್ ಇಲ್ಲ. ಚಿತ್ರಮಂದಿರದಲ್ಲಿ ತೋರಿಸುವ ಸಿನಿಮಾ ಟ್ರೈಲರ್‌ಗೆ ಕೇಂದ್ರ ಚಲನಚಿತ್ರ ಪ್ರಮಾಣೀಕರಣ ಮಂಡಳಿಯ ಪ್ರಮಾಣಪತ್ರ ಬೇಕು. ಆ ಮಂಡಳಿಯ ಮುಖ್ಯ ಕಚೇರಿ ಇರುವುದು ನಮ್ಮ ಮುಂಬಯಿಯಲ್ಲೇ. 2023ರ ತಿದ್ದುಪಡಿಯ ನಂತರ ಯು/ಎ ವರ್ಗವನ್ನೂ 7, 13, 16 ವರ್ಷ ಎಂದು ವಿಂಗಡಿಸಿದ್ದಾರೆ. ಒಟಿಟಿ ವೇದಿಕೆಗಳು ಇಂಥದ್ದೇ ವಯೋಮಿತಿಯನ್ನು ತೋರಿಸಬೇಕೆಂದು 2021ರ ಮಾಹಿತಿ ತಂತ್ರಜ್ಞಾನ ನಿಯಮಗಳು ಹೇಳುತ್ತವೆ. ವಿಡಿಯೊ ಗೇಮ್‌ಗಳನ್ನು ಹೀಗೆ ನೋಡಿ ಪ್ರಮಾಣಪತ್ರ ಕೊಡುವ ಮಂಡಳಿ ನಮ್ಮ ದೇಶದಲ್ಲಿಲ್ಲ. ಫೋನಿನ ಪ್ಲೇ ಸ್ಟೋರ್‌ನಲ್ಲಿ ಗೇಮಿನ ಹೆಸರಿನ ಬಳಿ 12+, 16+ ಎಂದು ಕಾಣುತ್ತದಲ್ಲ, ಅದು ಒಂದು ಅಂತರರಾಷ್ಟ್ರೀಯ ಒಕ್ಕೂಟದ ಪ್ರಶ್ನಾವಳಿಗೆ ತಯಾರಕರು ಕೊಡುವ ಉತ್ತರಗಳಿಂದ ಬರುವ ಅಂಕಿ. ಅದಾದರೂ ಆಟಕ್ಕೆ ಅಂಟಿದ್ದು. ಆ ಆಟದ ಟ್ರೈಲರ್ ಯೂಟ್ಯೂಬಿಗೆ ಬಂದಾಗ ಅಂಕಿ ಜೊತೆಗೆ ಬರಲೇಬೇಕೆಂದಿಲ್ಲ. ಸಿನಿಮಾದ ನಿಯಮ ಅದನ್ನು ತನ್ನದೆನ್ನುವುದಿಲ್ಲ, ಒಟಿಟಿಯ ನಿಯಮವೂ ಎನ್ನುವುದಿಲ್ಲ. ವಾರಸುದಾರರಿಲ್ಲದ ಈ ಸರಕು ಎಲ್ಲ ಬಾಗಿಲುಗಳ ಸಂದಿಯಿಂದ ನುಸುಳಿ ನಿಮ್ಮ ಮನೆಯ ಸೋಫಾದವರೆಗೆ ಬಂದಿತು.

ನೀವು ವಿವರಿಸಿದ ದೃಶ್ಯ ನನಗೆ ಚೆನ್ನಾಗಿ ಗೊತ್ತು. 2017ರ ಅಕ್ಟೋಬರ್ ಕೊನೆಯಲ್ಲಿ ಪ್ಯಾರಿಸ್ ಗೇಮ್ಸ್ ವೀಕ್‌ನಲ್ಲಿ ಸೋನಿ ಕಂಪನಿ ತೋರಿಸಿದ ‘ದಿ ಲಾಸ್ಟ್ ಆಫ್ ಅಸ್ ಪಾರ್ಟ್ 2’ರ ಟ್ರೈಲರ್ ಅದು. ಅಂದೇ ಅಲ್ಲಿ ಇನ್ನೊಂದು ಟ್ರೈಲರ್‌ನಲ್ಲಿ, ‘ಡೆಟ್ರಾಯ್ಟ್: ಬಿಕಮ್ ಹ್ಯೂಮನ್’ ಎಂಬ ಆಟದ್ದು, ತಂದೆಯೊಬ್ಬ ಪುಟ್ಟ ಮಗಳ ಮೇಲೆ ಕೈ ಮಾಡುವ ದೃಶ್ಯವಿತ್ತು. ಎರಡರ ಬಗ್ಗೆಯೂ ಯುರೋಪಿನಲ್ಲಿ ದೊಡ್ಡ ಆಕ್ಷೇಪ ಎದ್ದಿತು. ಮೊದಲನೆಯದರ ಬಗ್ಗೆ ಸೋನಿಯ ಅಧಿಕಾರಿ ಕೊಟ್ಟ ಸಮರ್ಥನೆ ಸರಳವಾಗಿತ್ತು: ಇದು ವಯಸ್ಕರು ವಯಸ್ಕರಿಗಾಗಿ ಮಾಡಿದ ಆಟ. ಆಟದ ಮಟ್ಟಿಗೆ ಅವರ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ. 2020ರಲ್ಲಿ ಹೊರಬಂದ ಆ ಆಟ ಸೇಡಿನ ಬಗ್ಗೆ, ಸೇಡು ಮನುಷ್ಯನನ್ನು ಒಳಗಿಂದ ತಿನ್ನುವುದರ ಬಗ್ಗೆ ಮಾಡಿದ ಗಂಭೀರ ಕೃತಿ. ಆ ಸುತ್ತಿಗೆಯ ಏಟು ಯಾರಿಗೆ ಬಿತ್ತು, ಅದರಿಂದ ಮುಂದೆ ಏನೇನಾಯಿತು ಎಂಬುದಕ್ಕೆ ಆಟದೊಳಗೆ ಹಲವು ಗಂಟೆಗಳ ಲೆಕ್ಕವಿದೆ. ಆದರೆ ಟ್ರೈಲರ್ ನೋಡಿದವರಿಗೆ ಆ ಪಾತ್ರಗಳು ಯಾರೆಂಬುದೂ ಗೊತ್ತಾಗುವಂತಿರಲಿಲ್ಲ. ಹಿಂದಿಲ್ಲ, ಮುಂದಿಲ್ಲ; ನೋವು ಮಾತ್ರ ಇತ್ತು. ನಿಮ್ಮ ಮಗ ಕಂಡದ್ದು ಅಷ್ಟನ್ನೇ.

ಈಗ ‘ಯಾಕಾಗಿ ಮಾಡುತ್ತಾರೆ’ ಎಂಬ ಪ್ರಶ್ನೆ. ಅಂಧೇರಿಯ ಸ್ಟುಡಿಯೊಗಳಲ್ಲಿ ಇಪ್ಪತ್ತು ವರ್ಷ ಧ್ವನಿ ವಿನ್ಯಾಸದ ಕೆಲಸ ಮಾಡಿದವನು ನಾನು. ಸಿನಿಮಾ, ಜಾಹೀರಾತು, ಗೇಮ್ ಟ್ರೈಲರ್ ಎಲ್ಲವೂ ನನ್ನ ಕೈಯಲ್ಲಿ ಹಾದುಹೋಗಿವೆ. ಆದ್ದರಿಂದ ಇದಕ್ಕೆ ಕೆಲಸದ ಮೇಜಿನಿಂದಲೇ ಉತ್ತರಿಸುತ್ತೇನೆ.

ಯೂಟ್ಯೂಬಿನಲ್ಲಿ ಜಾಹೀರಾತು ಬಂದಾಗ ‘ಸ್ಕಿಪ್’ ಗುಂಡಿ ಕಾಣಿಸಿಕೊಳ್ಳುವುದು ಸಾಮಾನ್ಯವಾಗಿ 5 ಸೆಕೆಂಡಿನ ನಂತರ. ಟ್ರೈಲರ್ ಮಾಡುವವರ ಇಡೀ ಬದುಕು ಆ 5 ಸೆಕೆಂಡಿನ ಮೇಲೆ ನಿಂತಿದೆ. ಹಿಂದೆ ಟ್ರೈಲರ್‌ಗೂ ಒಂದು ಏರಿಕೆ ಇರುತ್ತಿತ್ತು: ಊರು ಕಾಣುತ್ತಿತ್ತು, ಮುಖ ಕಾಣುತ್ತಿತ್ತು, ಆಮೇಲೆ ಅಪಾಯ ಬರುತ್ತಿತ್ತು. ಈಗ ಎಷ್ಟೋ ಟ್ರೈಲರ್‌ಗಳು ಶುರುವಾಗುವ ಮೊದಲೇ ಅದರ ಅತಿ ಭಯಂಕರ ಮೂರು ನಾಲ್ಕು ತುಣುಕುಗಳನ್ನು ಚಕಚಕನೆ ತೋರಿಸಿಬಿಡುತ್ತಾರೆ. ಟ್ರೈಲರ್‌ಗೇ ಒಂದು ಟ್ರೈಲರ್ ಇದ್ದಂತೆ. ಕೊನೆಯಲ್ಲಿ ಬರಬೇಕಾದ ಏಟು ಮೊದಲು ಬರುತ್ತದೆ. ಮಗುವಿನ ಕೈ ರಿಮೋಟಿಗೆ ಹೋಗುವುದರೊಳಗೆ ಬರುತ್ತದೆ. ಕಣ್ಣು ಮುಚ್ಚಿಕೊಳ್ಳಲು, ಎದ್ದು ಹೋಗಲು ಬೇಕಾದ ಆ ಅರೆಕ್ಷಣವನ್ನೂ ಹೀಗೆ ಕಸಿದುಕೊಂಡರಲ್ಲ, ನನ್ನ ಉದ್ಯೋಗದಲ್ಲಿ ನಾನು ಕಂಡ ಅತಿ ಕೆಟ್ಟ ಬದಲಾವಣೆ ಇದೇ.

ಇನ್ನು ಸದ್ದು. ಮೂಳೆ ಮುರಿಯುವ ಸದ್ದನ್ನು ತರಕಾರಿಯಿಂದ ಮಾಡುತ್ತೇವೆ ಎಂದರೆ ಎಷ್ಟೋ ಜನ ನಂಬುವುದಿಲ್ಲ. ಹಾಲಿವುಡ್ಡಿನವರು ಸೆಲೆರಿ ದಂಟನ್ನು ಮುರಿಯುತ್ತಾರೆ. ನಾನು ಮಾಟುಂಗಾ ಮಾರ್ಕೆಟ್ಟಿಗೆ ಹೋಗಿ ಬಾಳೆದಿಂಡು, ನುಗ್ಗೆಕಾಯಿ ಕೊಂಡುತರುತ್ತಿದ್ದೆ. ನುಗ್ಗೆಕಾಯಿ ಒಣ ‘ಚಟ್’ ಕೊಡುತ್ತದೆ, ಆದರೆ ನಾರು ಹೆಚ್ಚಾದರೆ ಸದ್ದು ಎಳೆದುಹೋಗುತ್ತದೆ. ಬಾಳೆದಿಂಡನ್ನು ಒದ್ದೆ ಟವೆಲ್‌ನಲ್ಲಿ ಸುತ್ತಿ ತಿರುಚಿದರೆ ಮಾಂಸದೊಳಗೆ ಏನೋ ಬಿಟ್ಟುಹೋದಂತೆ ಕೇಳುತ್ತದೆ. ಇವೆರಡರ ಮೇಲೆ ಸುಟ್ಟ ಹಪ್ಪಳ ಪುಡಿಯಾದ ಸದ್ದನ್ನು ತೆಳುವಾಗಿ ಹರಡುತ್ತೇವೆ. ಇಷ್ಟಾದರೂ ಕೆಲಸದ ಮುಖ್ಯ ಗುಟ್ಟು ಇದಲ್ಲ, ಏಟಿಗೆ ಮುಂಚಿನ ಮೌನ. ಸಂಗೀತ, ಮಳೆ, ಉಸಿರು ಎಲ್ಲವನ್ನೂ ಎಂಟು ಫ್ರೇಮುಗಳಷ್ಟು, ಅಂದರೆ ಸೆಕೆಂಡಿನ ಮೂರನೆಯ ಒಂದು ಪಾಲು, ಪೂರ್ತಿ ತೆಗೆದುಬಿಡುತ್ತೇವೆ. ಕಿವಿ ತಾನಾಗಿಯೇ ಮುಂದಕ್ಕೆ ಬಾಗುತ್ತದೆ. ಆಗ ಏಟು ಬೀಳುತ್ತದೆ. ಪರದೆಯ ಮೇಲೆ ರಕ್ತದ ಒಂದು ಹನಿಯೂ ಇಲ್ಲದಿದ್ದರೂ ಹೊಟ್ಟೆಯಲ್ಲಿ ಏನೋ ಕಲಸಿದಂತಾಗುವುದು ಇದರಿಂದ. ‘ಭಯವಾದರೆ ಕಣ್ಣು ಮುಚ್ಚಿಕೋ’ ಎಂದು ಮಕ್ಕಳಿಗೆ ಹೇಳುತ್ತೇವೆ. ನಿಜಕ್ಕೂ ಮುಚ್ಚಬೇಕಾದದ್ದು ಕಿವಿ.

ಒಮ್ಮೆ ಮುಲುಂಡಿನ ನಮ್ಮ ಮನೆಯಲ್ಲೇ ಕುಳಿತು ಇಂಥ ಒಂದು ಟ್ರೈಲರ್‌ನ ಕೆಲಸ ಮಾಡುತ್ತಿದ್ದೆ. ಮಾಡಿಸಿದವರು ಚೀರಾಟವನ್ನು ಇನ್ನಷ್ಟು ಮುಂದಕ್ಕೆ ತರಬೇಕು ಎಂದು ಮೂರು ಸಲ ವಾಪಸು ಕಳಿಸಿದ್ದರು. ಅದನ್ನೇ ಮತ್ತೆ ಮತ್ತೆ ಹಾಕಿ ಕೇಳುತ್ತಿದ್ದೆ. ಆಗ ಒಂಬತ್ತು ವರ್ಷದವಳಾಗಿದ್ದ ಮಗಳು ಬಾಗಿಲಲ್ಲಿ ಬಂದು ನಿಂತಿದ್ದಳು. ಅಲ್ಲಿಂದ ಅವಳಿಗೆ ಪರದೆ ಕಾಣುತ್ತಿರಲಿಲ್ಲ. ‘ಅಪ್ಪಾ, ಯಾರಿಗೆ ನೋವಾಯಿತು?’ ಎಂದು ಕೇಳಿದಳು. ಯಾರಿಗೂ ಇಲ್ಲ ಎಂದೆ. ಅವಳು ನಂಬಲಿಲ್ಲ, ನಂಬದಂತೆ ಮಾಡುವುದೇ ನನ್ನ ಕೆಲಸವಾಗಿತ್ತು. ಆ ಟ್ರೈಲರನ್ನು ಮುಗಿಸಿಕೊಟ್ಟೆ. ಮುಂದಿನದನ್ನು ಒಪ್ಪಿಕೊಳ್ಳುವ ಮುನ್ನ, ಇದು ಎಲ್ಲಿ, ಯಾರ ಕಣ್ಣಿಗೆ ಬೀಳುತ್ತದೆ ಎಂದು ಕೇಳುವುದನ್ನು ಅಂದಿನಿಂದ ರೂಢಿ ಮಾಡಿಕೊಂಡೆ. ಆ ಪ್ರಶ್ನೆಗೆ ಉತ್ತರ ಇದ್ದವರು ಬಹಳ ಕಡಿಮೆ.

ನಿಮ್ಮ ಯಜಮಾನರ ಯಕ್ಷಗಾನದ ಮಾತನ್ನು ತಳ್ಳಿಹಾಕಲು ಆಗುವುದಿಲ್ಲ. ಮಳೆಗಾಲದಲ್ಲಿ ಊರಿನ ಮೇಳಗಳು ಮುಂಬಯಿಗೆ ಬಂದಾಗ ನಾನೂ ಮಗಳನ್ನು ಕರೆದುಕೊಂಡು ಹೋಗುತ್ತಿದ್ದೆ. ರೌದ್ರ ಭೀಮ ದುಶ್ಶಾಸನನ ಕರುಳು ಬಗೆಯುವಾಗ ಮಕ್ಕಳು ಬೆಚ್ಚುತ್ತಾರೆ, ನಿಜ. ಆದರೆ ಆ ಹೊತ್ತಿಗೆ ದ್ರೌಪದಿಯ ಸೀರೆಗೆ ಕೈ ಹಾಕಿದ್ದು ಯಾರು, ಭೀಮ ಮಾಡಿದ ಪ್ರತಿಜ್ಞೆ ಏನು ಎಂಬುದು ಮಗುವಿಗೆ ತಿಳಿದಿರುತ್ತದೆ. ಚಂಡೆಯ ಪೆಟ್ಟು ಬಹಳ ಮುಂಚೆಯೇ ಏರತೊಡಗಿ ‘ಈಗ ಬರುತ್ತದೆ, ಹಿಡಿದುಕೊ’ ಎಂದು ಎಚ್ಚರಿಸಿರುತ್ತದೆ. ಕರುಳೆಂದರೆ ಕೆಂಪು ಬಟ್ಟೆ, ಅದು ಬಟ್ಟೆ ಎಂದು ಮುಂದಿನ ಸಾಲಿನ ಎಲ್ಲರಿಗೂ ಕಾಣುತ್ತದೆ. ಪಕ್ಕದಲ್ಲಿ ಅಜ್ಜಿ ಇರುತ್ತಾರೆ. ಟ್ರೈಲರ್ ಈ ನಾಲ್ಕನ್ನೂ ಕಿತ್ತುಹಾಕುತ್ತದೆ: ಕಾರಣ, ಎಚ್ಚರಿಕೆ, ಇದು ವೇಷ ಎಂಬ ಅರಿವು, ಜೊತೆಗಾರರು. ಅಜ್ಜಿಯೇನೋ ನಿಮ್ಮ ಮನೆಯಲ್ಲೂ ಪಕ್ಕದಲ್ಲೇ ಇದ್ದರು, ಆದರೆ ನಡೆಯುತ್ತಿರುವುದೇನು ಎಂದು ಅವರಿಗೂ ಗೊತ್ತಿರಲಿಲ್ಲ.

ಆಟಕ್ಕೂ ಟ್ರೈಲರ್‌ಗೂ ಇರುವ ವ್ಯತ್ಯಾಸವೂ ಇಂಥದ್ದೇ. ಆಟವಾಡುವವನ ಕೈಯಲ್ಲಿ ಕಂಟ್ರೋಲರ್ ಇರುತ್ತದೆ. ಅವನು ನಿಲ್ಲಿಸಬಹುದು, ಬೇರೆ ದಾರಿ ಹಿಡಿಯಬಹುದು. ‘ಡೆಟ್ರಾಯ್ಟ್’ ಆಟದಲ್ಲಿ ಆ ಮಗುವನ್ನು ಉಳಿಸುವುದು ಆಡುವವನಿಗೆ ಸಾಧ್ಯ, ದೃಶ್ಯದ ಉದ್ದೇಶವೇ ಅದು. ಟ್ರೈಲರ್ ನೋಡುವವನು ಸುಮ್ಮನೆ ನೋಡಬೇಕು.

ಹಿಂಸೆಯ ಬಲದಿಂದಲೇ ಹೆಸರು ಮಾಡಿದ ಟ್ರೈಲರ್ ಎಂದರೆ 2011ರ ಫೆಬ್ರುವರಿಯಲ್ಲಿ ಬಂದ ‘ಡೆಡ್ ಐಲ್ಯಾಂಡ್’ನದು. ರಜೆಗೆ ಬಂದ ಒಂದು ಕುಟುಂಬ, ಹೋಟೆಲ್ ಕೋಣೆ, ನುಗ್ಗಿಬರುವ ಸತ್ತ ದೇಹಗಳು. ಕಥೆಯನ್ನು ಹಿಂದುಮುಂದಾಗಿ ಓಡಿಸಿದ್ದಾರೆ: ಹುಲ್ಲಿನ ಮೇಲೆ ಬಿದ್ದಿರುವ ಪುಟ್ಟ ಹುಡುಗಿಯ ತೆರೆದ ಕಣ್ಣಿನಿಂದ ಶುರುವಾಗಿ, ಅವಳು ಮೇಲಕ್ಕೆ ತೇಲಿ, ಒಡೆದ ಗಾಜೆಲ್ಲ ಕೂಡಿಕೊಂಡು ಕಿಟಕಿಯೊಳಗೆ ಹಿಂದಿರುಗುತ್ತಾಳೆ. ಗ್ಲಾಸ್ಗೋದ ಆಕ್ಸಿಸ್ ಅನಿಮೇಷನ್ ಮಾಡಿದ ಈ ಚಿತ್ರಕ್ಕೆ ಗೈಲ್ಸ್ ಲ್ಯಾಂಬ್ ಅವರ ಪಿಯಾನೊ ಸಂಗೀತವಿದೆ. ಅದೇ ವರ್ಷ ಕಾನ್ ಜಾಹೀರಾತು ಉತ್ಸವದಲ್ಲಿ ಚಿನ್ನದ ಪ್ರಶಸ್ತಿಯೂ ಬಂತು. ಕಸುಬಿನವನಾಗಿ ನೋಡಿದರೆ ಅದ್ಭುತ ಕೆಲಸ. ಎಷ್ಟು ಸಲ ನೋಡಿದರೂ ನನ್ನ ಗಂಟಲು ಕಟ್ಟುತ್ತದೆ. ಸೆಪ್ಟೆಂಬರ್‌ನಲ್ಲಿ ಆಟ ಬಂದಾಗ ಅದರಲ್ಲಿ ಆ ದುಃಖದ ಸುಳಿವೂ ಇರಲಿಲ್ಲ. ಸಿಕ್ಕಿದ್ದನ್ನು ಆಯುಧ ಮಾಡಿಕೊಂಡು ಗೆಳೆಯರ ಜೊತೆ ಸೇರಿ ಬಡಿಯುತ್ತ ಸಾಗುವ ಹಗುರ ಆಟ ಅದು. ಸತ್ತ ಮಗುವನ್ನು ತೋರಿಸಿ ಗಮನ ಸೆಳೆದು, ಒಳಗೆ ಆ ಸಾವಿನ ಬಗ್ಗೆ ಏನೂ ಹೇಳದಿರುವುದು ಸರಿಯಲ್ಲ. ದೃಶ್ಯದಲ್ಲಿ ಎಷ್ಟು ರಕ್ತವಿದೆ ಎನ್ನುವುದಕ್ಕಿಂತ, ಆ ರಕ್ತಕ್ಕೆ ಆಟ ಉತ್ತರ ಕೊಡುತ್ತದೆಯೇ ಎಂಬುದನ್ನು ನಾನು ಮೊದಲು ನೋಡುತ್ತೇನೆ.

ರಕ್ತವಿಲ್ಲದೆ ಟ್ರೈಲರ್ ಮಾಡಲಾಗುವುದಿಲ್ಲ ಎಂಬ ಮಾತನ್ನಂತೂ ಒಪ್ಪಬೇಡಿ. 2007ರಲ್ಲಿ ‘ಹ್ಯಾಲೊ 3’ ಎಂಬ ಯುದ್ಧದ ಆಟಕ್ಕೆ ಪುಟ್ಟ ಗೊಂಬೆಗಳಿಂದ ಒಂದು ಇಡೀ ರಣರಂಗದ ಮಾದರಿಯನ್ನು ಕಟ್ಟಿ, ಅದರ ನಡುವೆ ಕ್ಯಾಮೆರಾವನ್ನು ನಿಧಾನವಾಗಿ ಸಾಗಿಸಿದರು. ಕೊನೆಯ ಕ್ಷಣಗಳವರೆಗೆ ಯಾವ ಗೊಂಬೆಯೂ ಅಲುಗುವುದಿಲ್ಲ. ಯುದ್ಧದ ಭಾರ ಮಾತ್ರ ಎದೆಯ ಮೇಲೆ ಕೂರುತ್ತದೆ. ನಮ್ಮ ಪಕ್ಕದ ಪುಣೆಯಲ್ಲೇ ನಾಡಿಂಗ್ ಹೆಡ್ಸ್ ಗೇಮ್ಸ್ ಎಂಬ ಸಣ್ಣ ತಂಡ 2020ರಲ್ಲಿ ‘ರಾಜಿ’ ಎಂಬ ಆಟವನ್ನು ತಂದಿತು. ಅಸುರರ ಕೈಗೆ ಸಿಕ್ಕ ತಮ್ಮನನ್ನು ಹುಡುಕಿಕೊಂಡು ಹೊರಡುವ ಹುಡುಗಿಯ ಕಥೆ, ತುಂಬ ಕಾದಾಟವೂ ಇದೆ. ಅದರ ಟ್ರೈಲರನ್ನು ಮಗನ ಜೊತೆ ಕುಳಿತು ನೋಡಿ.

ಈ ಜಗಳ ಹೊಸತೂ ಅಲ್ಲ. 1993ರ ಸೆಪ್ಟೆಂಬರ್‌ನಲ್ಲಿ ‘ಮಾರ್ಟಲ್ ಕಾಂಬ್ಯಾಟ್’ ಮನೆಯ ಗೇಮ್ ಯಂತ್ರಗಳಿಗೆ ಬಂದಾಗ ಅಮೆರಿಕದ ಟಿವಿಯಲ್ಲಿ ಬಂದ ಜಾಹೀರಾತಿನಲ್ಲಿ ಕಂಡದ್ದು ಮುಖ್ಯವಾಗಿ ಆಟದ ಹೆಸರು ಕೂಗುತ್ತ ಬೀದಿಯಲ್ಲಿ ಓಡುವ ಹುಡುಗರು. ತಲೆ ಕತ್ತರಿಸುವ ಆಟವನ್ನು ಹುಡುಗರ ಮುಖ ತೋರಿಸಿ ಹುಡುಗರಿಗೇ ಮಾರಿದರು. ಡಿಸೆಂಬರ್‌ನಲ್ಲಿ ಅಲ್ಲಿನ ಸೆನೆಟ್ ವಿಚಾರಣೆ ನಡೆಸಿತು, ಮರುವರ್ಷ ಇಎಸ್‌ಆರ್‌ಬಿ ಎಂಬ ವಯೋಮಿತಿ ಮಂಡಳಿ ಹುಟ್ಟಿತು. ಡಬ್ಬಿಯ ಮೇಲೆ ವಯಸ್ಸು ಬಂತು. ಆದರೂ 2000ದಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಪರಿಶೀಲಿಸಿದಾಗ, ಹಿಂಸೆಯ ಕಾರಣಕ್ಕೆ 17 ದಾಟಿದವರಿಗೆ ಮಾತ್ರ ಎಂದು ಗುರುತಿಸಿದ್ದ 118 ಆಟಗಳಲ್ಲಿ 83ರ ಪ್ರಚಾರ 17ರೊಳಗಿನ ಮಕ್ಕಳನ್ನೇ ಗುರಿಯಾಗಿಸಿಕೊಂಡಿತ್ತು. ಈಗ ಇಎಸ್‌ಆರ್‌ಬಿ ಪ್ರಚಾರಕ್ಕೂ ನಿಯಮ ಮಾಡಿದೆ, ನಿಯಮ ಮುರಿದ ಕಂಪನಿಗಳಿಗೆ ದಂಡವನ್ನೂ ಹಾಕಬಲ್ಲದು. ನಮ್ಮಲ್ಲಿ ಅದೂ ಇಲ್ಲ. ನಾವು ಹಿಡಿದದ್ದು ಬಣ್ಣದ ದಾರಿ. 2020ರಲ್ಲಿ ಪಬ್‌ಜಿ ಮೊಬೈಲ್ ನಿಷೇಧವಾದದ್ದು ಹಿಂಸೆಗಾಗಿ ಅಲ್ಲ, ಸರ್ಕಾರ ಹೇಳಿದ್ದು ದೇಶದ ಭದ್ರತೆಯ ಕಾರಣ. ಮರುವರ್ಷ ಅದು ಬೇರೆ ಹೆಸರಿನಲ್ಲಿ ಮರಳಿದಾಗ ರಕ್ತ ಹಸಿರಾಗಿತ್ತು. 1993ರಲ್ಲೂ ‘ಮಾರ್ಟಲ್ ಕಾಂಬ್ಯಾಟ್’ನ ನಿಂಟೆಂಡೊ ಯಂತ್ರದ ಆವೃತ್ತಿಯಲ್ಲಿ ರಕ್ತವನ್ನು ಬೂದು ಬಣ್ಣದ ಬೆವರು ಮಾಡಿದ್ದರು. ಬಣ್ಣ ಬದಲಿಸಿದರೆ ಬಾಳೆದಿಂಡಿನ ಸದ್ದು ಬದಲಾಗುವುದಿಲ್ಲ.

ಮಗ ಕ್ರೂರಿಯಾಗುತ್ತಾನೆಯೇ ಎಂಬ ಭಯವನ್ನು ಬಿಡಿ. 2019ರಲ್ಲಿ ಆಕ್ಸ್‌ಫರ್ಡ್‌ನ ಸಂಶೋಧಕರು 14-15 ವಯಸ್ಸಿನ 1,004 ಬ್ರಿಟಿಷ್ ಮಕ್ಕಳನ್ನು ಅಧ್ಯಯನ ಮಾಡಿದಾಗ ಹಿಂಸೆಯ ಆಟಕ್ಕೂ ಆಕ್ರಮಣಶೀಲತೆಗೂ ನಂಟು ಸಿಗಲಿಲ್ಲ. 24 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ 2018ರ ಇನ್ನೊಂದು ವಿಶ್ಲೇಷಣೆಯಲ್ಲಿ ನಂಟು ಕಂಡಿತು, ಆದರೆ ಸಣ್ಣದು. ಇಂಥ ಆಟಗಳಿಂದ ನಿಜವಾದ ಅಪರಾಧ ಹುಟ್ಟುತ್ತದೆ ಎನ್ನಲು ಸಾಕಷ್ಟು ಆಧಾರವಿಲ್ಲ ಎಂದು ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್ 2020ರಲ್ಲಿ ಸ್ಪಷ್ಟಪಡಿಸಿತು. ಆದರೆ ಇವೆಲ್ಲ ಆಟವಾಡುವವರ ಬಗ್ಗೆ. ನಿಮ್ಮ ಮಗ ಆಡಿದವನಲ್ಲ, ಹೆದರಿದವನು. ‘ಕೆಟ್ಟುಹೋಗುತ್ತಾನೆಯೇ’ ಎಂದು ಕೇಳುವ ಗಡಿಬಿಡಿಯಲ್ಲಿ ಅವನ ಹೆದರಿಕೆಯನ್ನು ನಾವೆಲ್ಲ ಮರೆತುಬಿಡುತ್ತೇವೆ.

ತೆರೆಯ ಮೇಲಿನ ದೃಶ್ಯಗಳಿಗೆ ಮಕ್ಕಳು ಹೇಗೆ ಹೆದರುತ್ತಾರೆಂದು ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಜೋಆನ್ ಕ್ಯಾಂಟರ್ ವರ್ಷಗಟ್ಟಲೆ ಅಧ್ಯಯನ ಮಾಡಿದ್ದಾರೆ. ಏಳೆಂಟು ವರ್ಷದವರೆಗಿನ ಮಕ್ಕಳು ರೂಪಕ್ಕೆ ಹೆದರುತ್ತಾರೆ: ಕೋರೆಹಲ್ಲು, ವಿಕಾರ ಮುಖ. ದೊಡ್ಡವರಾದಂತೆ ನಿಜವಾಗಿ ನಡೆಯಬಹುದಾದದ್ದಕ್ಕೆ ಹೆದರತೊಡಗುತ್ತಾರೆ. ರಾಕ್ಷಸನನ್ನು ಕಂಡು ನಗುವ 11ರ ಹುಡುಗ, ಮನುಷ್ಯರು ಮನುಷ್ಯರ ಕೈ ಮುರಿಯುವುದನ್ನು ಕಂಡು ದೀಪ ಆರಿಸಲು ಬಿಡದಿರುವುದು ವಯಸ್ಸಿಗೆ ತಕ್ಕ ಸಹಜ ನಡೆ. ಸಣ್ಣ ಮಕ್ಕಳಿಗೆ ತೊಡೆ ಸಾಕು. ಈ ವಯಸ್ಸಿನವರಿಗೆ ವಿವರಣೆ ಕೆಲಸ ಮಾಡುತ್ತದೆ ಎಂಬುದೂ ಅವರ ಸಂಶೋಧನೆಯಿಂದ ತಿಳಿದುಬಂದ ಸಂಗತಿ.

ಇನ್ನು ಮನೆಯಲ್ಲಿ ಮಾಡಬೇಕಾದದ್ದು. ನಿಮ್ಮ ಟಿವಿಯಲ್ಲಿ ಯೂಟ್ಯೂಬ್ ಯಾರ ಖಾತೆಯಲ್ಲಿದೆ ಎಂದು ಮೊದಲು ನೋಡಿ. ಬಹುತೇಕ ಮನೆಗಳಲ್ಲಿ ಅದು ಅಪ್ಪನದಿರುತ್ತದೆ. ಆಗ ಯೂಟ್ಯೂಬಿನ ಲೆಕ್ಕದಲ್ಲಿ ಸೋಫಾದಲ್ಲಿ ಕುಳಿತಿರುವುದು ನಲವತ್ತರ ಗಂಡಸು, ವಯೋಮಿತಿ ಹಾಕಿದ ವಿಡಿಯೊವೂ ಸಲೀಸಾಗಿ ಬಂದುಬಿಡುತ್ತದೆ. ಗೂಗಲ್ ಫ್ಯಾಮಿಲಿ ಲಿಂಕ್ ಎಂಬ ಆ್ಯಪ್ ಮೂಲಕ ಮಗನಿಗೆ ಮೇಲ್ವಿಚಾರಣೆಯ ಪ್ರತ್ಯೇಕ ಖಾತೆ ಮಾಡಿ, ಅದರಲ್ಲಿ 9 ವರ್ಷ ಮೇಲ್ಪಟ್ಟವರ ಹಂತವನ್ನು ಆರಿಸಿ. ಒಂದು ಮುಗಿದೊಡನೆ ಇನ್ನೊಂದು ವಿಡಿಯೊವನ್ನು ತಾನಾಗಿ ಶುರು ಮಾಡುವ ಆಟೊಪ್ಲೇಯನ್ನು ಬಂದ್ ಮಾಡಿಬಿಡಿ. ಅಂದು ನಿಮ್ಮ ಮನೆಯಲ್ಲಿ ನಡೆದ ಅನಾಹುತದ ಅರ್ಧ ಪಾಲು ಅದರದ್ದೇ. ದೊಡ್ಡವರ ವಿಡಿಯೊಗಳನ್ನು ಸೋಸುವ ‘ರಿಸ್ಟ್ರಿಕ್ಟೆಡ್ ಮೋಡ್’ ಎಂಬುದನ್ನು ಫೋನಿನಲ್ಲಿ ಹಾಕಿದರೆ ಟಿವಿಗೆ ತಾನಾಗಿ ಬರುವುದಿಲ್ಲ, ಪ್ರತಿ ಸಾಧನದಲ್ಲೂ ಬೇರೆಯಾಗಿ ಹಾಕಬೇಕು.

ಮುಂದೆ ಇಂಥದ್ದು ಹಣ ಕೊಟ್ಟು ಹಾಕಿಸಿದ ಜಾಹೀರಾತಾಗಿ ಬಂದರೆ ಸುಮ್ಮನಿರಬೇಡಿ. ಭಾರತೀಯ ಜಾಹೀರಾತು ಮಾನದಂಡ ಮಂಡಳಿ, ಅಂದರೆ ಆಸ್ಕಿ, 1985ರಿಂದ ಮುಂಬಯಿಯಲ್ಲೇ ಇದೆ. ಮಕ್ಕಳನ್ನು ಉದ್ದೇಶಿಸಿದ ಜಾಹೀರಾತಿನಲ್ಲಿ ಅವರ ದೇಹಕ್ಕಾಗಲಿ ಮನಸ್ಸಿಗಾಗಲಿ ಹಾನಿ ಮಾಡುವಂಥದ್ದು ಇರಕೂಡದು ಎಂದು ಅದರ ಸಂಹಿತೆ ಹೇಳುತ್ತದೆ. ಯಾವ ವಿಡಿಯೊದ ನಡುವೆ, ಎಷ್ಟು ಗಂಟೆಗೆ ಬಂತು ಎಂದು ಬರೆದಿಟ್ಟುಕೊಂಡು, ಪರದೆಯ ಫೋಟೊ ತೆಗೆದು ದೂರು ಕೊಡಿ. ಸಾಮಾನ್ಯ ಗ್ರಾಹಕರು ಯಾರು ಬೇಕಾದರೂ ಕೊಡಬಹುದು. ಒಂದು ದೂರಿನಿಂದ ಕಾನೂನು ಹುಟ್ಟಲಿಕ್ಕಿಲ್ಲ. ಆದರೆ ಟ್ರೈಲರ್‌ಗೂ ಅದರದ್ದೇ ವಯೋಮಿತಿ ಇರಬೇಕು, ಅದು ಮೊದಲ ಫ್ರೇಮಿನಲ್ಲೇ ಕಾಣಬೇಕು, ಮೊದಲ 5 ಸೆಕೆಂಡಿನಲ್ಲಿ ಹಿಂಸೆ ಬರಕೂಡದು ಎಂದು ನಾವು ಕೇಳುವ ದಿನ, ಮೇಜಿನ ಮೇಲೆ ಇಡಲು ನಿಮ್ಮ ಅತ್ತೆಯವರ ಪ್ರಶ್ನೆಯಂಥ ಪ್ರಶ್ನೆಗಳು ಬರಹದಲ್ಲಿ ಇರಬೇಕು.

ಈ ವಾರ ತರಕಾರಿ ತರುವಾಗ ಒಂದು ಗೇಣು ಬಾಳೆದಿಂಡು ತನ್ನಿ. ಹಳೆಯ ಟವೆಲನ್ನು ನೆನೆಸಿ ಅದರಲ್ಲಿ ಸುತ್ತಿ ಮಗನ ಕೈಗೆ ಕೊಡಿ, ನಿಮ್ಮ ಫೋನಿನ ಮೈಕನ್ನು ಹತ್ತಿರ ಹಿಡಿದು ರೆಕಾರ್ಡ್ ಮಾಡಿ. ಅವನೇ ತಿರುಚಲಿ, ಆಮೇಲೆ ಅವನೇ ಹಾಕಿ ಕೇಳಲಿ. ಮೊದಲ ಸಲ ಸದ್ದು ಸರಿಯಾಗಿ ಬರುವುದಿಲ್ಲ, ಟವೆಲ್ ಇನ್ನಷ್ಟು ಒದ್ದೆಯಾಗಬೇಕು, ಎರಡನೆಯ ಸಲ ನೋಡಿ ಎಂದು ಹೇಳಿ. ದೀಪ ಆರಿಸುವ ಅವಸರ ಬೇಡ, ಇನ್ನೂ ಕೆಲವು ರಾತ್ರಿ ಉರಿಯಲಿ.